ಭಾನುಪ್ರಿಯಳ ಸಿಟ್ಟು

ಹೊಂಗನೂರಿನ ಬೋರಲಿಂಗಯ್ಯನ ಎರಡನೇ ಮಗಳು ಭಾನುಪ್ರಿಯ ಹುಟ್ಟಾ ಸಿಟ್ಟಿನವಳಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಈಗ ನಮ್ಮೂರಿನಲ್ಲಿ ಅವಳ ಹೆಸರೆತ್ತಿದರೆ ಸಾಕು, 'ಅಯ್ಯೋ, ಆ ಜಗಳಗಂಟೀನಾ?' ಎನ್ನುವವರೇ ಹೆಚ್ಚು. ಚಿಕ್ಕಂದಿನಲ್ಲಿ ಅವಳು ಬೀದಿಯಲ್ಲಿ ತಲೆಯೆತ್ತಿ ನಡೆದವಳೇ ಅಲ್ಲ. ಮಾತಿನ ಕೆಲಸವೆಲ್ಲ ಅಕ್ಕ ಪ್ರತಿಮಾಳದು. ಅಂಗಡಿಗೆ ಹೋದರೆ ಅಕ್ಕ ಚೌಕಾಸಿ ಮಾಡುವಳು, ತಂಗಿ ಚೀಲ ಹಿಡಿದುಕೊಂಡು ಹಿಂದೆ ನಿಲ್ಲುವಳು. ಬಸ್ಸಿನಲ್ಲಿ ಯಾರಾದರೂ ಮೈಗೆ ತಾಗಿದರೆ ಅಕ್ಕ ತಿರುಗಿ ಬೈಯುವಳು, ತಂಗಿ ಕಿಟಕಿಯ ಕಡೆ ಮುಖ ಮಾಡುವಳು.

ಅವರದು ರೇಷ್ಮೆ ಹುಳ ಸಾಕುವ ಮನೆ. ಊರ ಹೊರಗೆ ಹಿಪ್ಪುನೇರಳೆ ತೋಟ, ಮನೆಯ ಹಿಂದೆ ಹುಳದ ಕೋಣೆ. ಕೈಕಾಲು ತೊಳೆಯದೆ ಆ ಕೋಣೆಗೆ ಯಾರೂ ಕಾಲಿಡುವಂತಿಲ್ಲ. ಒಂದು ತಟ್ಟೆಯಲ್ಲಿ ನಾಲ್ಕು ಹುಳ ಸಪ್ಪಗೆ ಕಂಡರೂ ತಾಯಿ ಶಿವಲಿಂಗಮ್ಮ ಆಗಿಂದಾಗಲೇ ಆರಿಸಿ ದೂರ ಹಾಕಿ, ಸುಣ್ಣದ ಪುಡಿ ಎರಚುವಳು. ನೆಂಟರು ಬಂದರೂ ಬಾಗಿಲಲ್ಲೇ ನಿಲ್ಲಿಸಿ, "ಒಳೀಕ್ ಬರಬ್ಯಾಡಿ ಕಣ್ರಪ್ಪ, ಹುಳ ಐತೆ" ಎನ್ನುವಳು. ಅದಕ್ಕೆ ಯಾರೂ ಬೇಸರ ಮಾಡಿಕೊಳ್ಳುತ್ತಿರಲಿಲ್ಲ. ಹುಳ ಸಾಕುವ ಊರಿನಲ್ಲಿ ಅದು ಎಲ್ಲರಿಗೂ ಗೊತ್ತಿದ್ದ ಮರ್ಯಾದೆ.

ಹೆದ್ದಾರಿ ಅಗಲವಾದ ಮೇಲೆ ಬಿಡದಿಯ ಸುತ್ತಮುತ್ತ ಕಾರ್ಖಾನೆಗಳು ಎದ್ದವು. ರಾಗಿ ಹೊಲ ಇದ್ದಲ್ಲಿ ಕಾಂಪೌಂಡು, ಕಾಂಪೌಂಡಿಗೆ ಗೇಟು, ಗೇಟಿಗೆ ಸೆಕ್ಯುರಿಟಿ. ಬೆಳಕು ಹರಿಯುವ ಮುಂಚೆ ಹಳ್ಳಿ ಹಳ್ಳಿಗೆ ಮಿನಿ ಬಸ್ಸುಗಳು ಬಂದು ಹೆಣ್ಣುಮಕ್ಕಳನ್ನು ತುಂಬಿಕೊಂಡು ಹೋಗತೊಡಗಿದವು. ಪ್ರತಿಮಾ ಮೊದಲು ಹೋದಳು, ಮರುವರ್ಷ ತಂಗಿಯನ್ನೂ ಕರೆದೊಯ್ದಳು. ಹೊರದೇಶಕ್ಕೆ ಶರ್ಟು ಹೊಲಿದು ಕಳಿಸುವ ಗಾರ್ಮೆಂಟ್ಸ್ ಅದು. ಉದ್ದನೆಯ ಶೆಡ್ಡಿನೊಳಗೆ ಸಾಲು ಸಾಲು ಮೆಷಿನ್ನು. ಒಂದೇ ಸಾಲಿನಲ್ಲಿ ಅಕ್ಕ ಕಾಲರ್ ಕೂರಿಸುವಳು, ಅವಳ ಹಿಂದಿನ ಮೆಷಿನ್ನಿನಲ್ಲಿ ತಂಗಿ ಕಫ್ ಹೊಲಿಯುವಳು. ಪ್ರತಿಮಾಳಿಗೆ ಚನ್ನಪಟ್ಟಣದ ಬಾಲರಾಜುವಿನ ಜೊತೆ ಮದುವೆಯಾಯಿತು. ಅವನೂ ಬಿಡದಿಯ ಇನ್ನೊಂದು ಕಾರ್ಖಾನೆಯಲ್ಲಿ ಕಂಟ್ರಾಕ್ಟ್ ಕೆಲಸಗಾರ, ಮೆತ್ತಗಿನ ಮನುಷ್ಯ. ಮದುವೆಯಾದ ಮೇಲೂ ಪ್ರತಿಮಾ ಕೆಲಸ ಬಿಡಲಿಲ್ಲ. ಬಸುರಿಯಾದ ಮೇಲೂ ಬಿಡಲಿಲ್ಲ.

ಅದು ಎರಡು ಸಾವಿರದ ಒಂಬತ್ತರ ಮಳೆಗಾಲ. ಟೀವಿಯಲ್ಲಿ ದಿನವಿಡೀ ಹಂದಿ ಜ್ವರದ ಸುದ್ದಿ. ಬೆಂಗಳೂರಿನಲ್ಲಿ ಸಾವಾಯಿತು, ಶಾಲೆಗಳಿಗೆ ರಜೆ ಕೊಟ್ಟರು, ಮಾಸ್ಕು ಸಿಗುತ್ತಿಲ್ಲ ಎಂದು ಬೊಬ್ಬೆ. ನಮ್ಮ ಕಡೆ ಜನ ಪಚ್ಚಕರ್ಪೂರ, ಏಲಕ್ಕಿ ಬಟ್ಟೆಯಲ್ಲಿ ಕಟ್ಟಿ ಮೂಸುತ್ತಾ ತಿರುಗಿದರು. ಆದರೆ ಈ ಜ್ವರ ಬಸುರಿಯರಿಗೆ, ಬಾಣಂತಿಯರಿಗೆ ಬಂದರೆ ಬೇರೆಯವರಿಗಿಂತ ಬೇಗ ಎದೆಗೆ ಇಳಿಯುತ್ತದೆ, ತಡಮಾಡಬಾರದು ಎನ್ನುವ ಒಂದು ಮಾತು, ಅದೊಂದೇ ಒಂದು ಮಾತು, ನಮ್ಮ ಹಳ್ಳಿಗಳ ಯಾವ ಹೆಂಗಸಿನ ಕಿವಿಗೂ ಬೀಳಲಿಲ್ಲ. ಹೇಳಬೇಕಾದವರು ಹೇಳಲಿಲ್ಲ.

ಗಾರ್ಮೆಂಟ್ಸಿನಲ್ಲಿ ಕೆಮ್ಮು ಸಾಲಿನಿಂದ ಸಾಲಿಗೆ ಹಬ್ಬಿತು. ಕಿಟಕಿ ತೆಗೆಯುವಂತಿಲ್ಲ, ಬಟ್ಟೆಗೆ ಧೂಳು ಕೂರುತ್ತದೆ. ಹೊರದೇಶದ ಖರೀದಿದಾರರು ನೋಡಲು ಬಂದ ದಿನ ಮಾತ್ರ ಎಲ್ಲರಿಗೂ ಹೊಸ ಮಾಸ್ಕು ಹಂಚಿದರು. ಅವರ ಕಾರು ಗೇಟು ದಾಟಿದ ಕೂಡಲೇ ವಾಪಸ್ ಇಸಿದುಕೊಂಡರು.

ಪ್ರತಿಮಾಳಿಗೆ ಎಂಟನೇ ತಿಂಗಳು. ಒಂದು ಬೆಳಿಗ್ಗೆ ಮೆಷಿನ್ನಿನ ಮುಂದೆ ಕೂತವಳು ಚಳಿಯಿಂದ ನಡುಗತೊಡಗಿದಳು. ಗಂಟಲು ಕೆರೆತ, ಮೈ ಸುಡುವ ಜ್ವರ. ಊಟದ ಹೊತ್ತಿಗೆ ಸೂಪರ್‌ವೈಸರ್ ಹತ್ತಿರ ಹೋಗಿ, "ಸಾರ್, ಮೈಯಾಗ್ ಉಸಾರಿಲ್ಲ, ಮನೀಗೋಯ್ತೀನಿ, ಗೇಟ್ ಪಾಸ್ ಕೊಡಿ" ಎಂದು ಕೇಳಿದಳು.

ಆತ ತಲೆಯೆತ್ತಲಿಲ್ಲ. "ಈ ವಾರ ಶಿಪ್‌ಮೆಂಟ್ ಐತೆ. ಎಲ್ರಿಗೂ ನೆಗಡಿ ಆಗೈತೆ, ಎಲ್ರನ್ನೂ ಕಳಿಸ್ಲಾ? ಬಸ್ರಿ ಅಂತ ಎದ್ದೆದ್ದು ಬಾತ್‌ರೂಮಿಗೋಗಕ್ಕೆ ಬುಟ್ಟಿಲ್ವಾ ನಿನ್ನ? ಓಗು, ಕೂತ್ಕೊ."

ಅವಳು ಹೋಗಿ ಕೂತಳು. ಎಲ್ಲರಿಗೂ ಎದುರು ಮಾತಾಡುತ್ತಿದ್ದ ಪ್ರತಿಮಾ ಅಂದು ಯಾಕೋ ಮಾತಾಡಲಿಲ್ಲ. ಸಂಜೆಯವರೆಗೆ ಕಾಲರ್ ಕೂರಿಸಿದಳು. ವಾಪಸ್ ಬರುವಾಗ ಮಿನಿ ಬಸ್ಸಿನಲ್ಲಿ ತಂಗಿಯ ಭುಜಕ್ಕೆ ಒರಗಿ, "ಉಸ್ರು ಸಾಲ್ದಂಗಾಯ್ತದೆ ಕಣಮ್ಮಿ" ಎಂದಳು. ಹೊಟ್ಟೆ ದೊಡ್ಡದಾಗಿದೆ, ಅದಕ್ಕೇ ಇರಬೇಕು ಎಂದುಕೊಂಡರು ಇಬ್ಬರೂ.

ಅಂದು ರಾತ್ರಿಯೇ ಬಾಲರಾಜು ಹೆಂಡತಿಯನ್ನು ಹೊಂಗನೂರಿನ ತವರಿಗೆ ತಂದುಬಿಟ್ಟ. ಮರುದಿನ ಶಿವಲಿಂಗಮ್ಮ, ಭಾನುಪ್ರಿಯ ಇಬ್ಬರೂ ಸೇರಿ ಅವಳನ್ನು ಹೆದ್ದಾರಿ ಪಕ್ಕದ ಒಂದು ಕ್ಲಿನಿಕ್ಕಿಗೆ ಕರೆದುಕೊಂಡು ಹೋದರು. ಸುತ್ತಿನ ಹಳ್ಳಿಗಳಿಗೆಲ್ಲ ಆ ಡಾಕ್ಟರೇ ದೇವರು. ದೇವರು ಪ್ರತಿಮಾಳ ಹೊಟ್ಟೆ ನೋಡಿದರು, ಮುಖ ನೋಡಲಿಲ್ಲ.

"ಬಸುರಿಗೆ ಹೆಚ್ಚು ಮಾತ್ರೆ ಕೊಡಬಾರದಮ್ಮ, ಮಗುವಿಗೆ ತೊಂದರೆ. ಶೀತ ಅಷ್ಟೇ. ಬಿಸಿನೀರು ಕುಡೀಲಿ, ಮಲಗಲಿ."

"ಸಾರ್, ಆ ಹಂದಿ ಜ್ವರ ಅಂತಾರಲ್ಲ..." ಎಂದಳು ಭಾನುಪ್ರಿಯ, ಬಾಗಿಲ ಹತ್ತಿರ ನಿಂತು, ಮೆಲ್ಲಗೆ.

"ಟೀವಿ ನೋಡೋದು ಕಡಿಮೆ ಮಾಡಿ. ಅದು ವಿಮಾನದಲ್ಲಿ ಓಡಾಡೋರಿಗೆ ಬರೋದು." ಹೊರಗೆ ಕೂತಿದ್ದವರಲ್ಲಿ ಇಬ್ಬರು ಮೂವರು ನಕ್ಕರು. ಭಾನುಪ್ರಿಯ ನಾಚಿಕೆಯಿಂದ ತಲೆ ತಗ್ಗಿಸಿದಳು.

ಮನೆಯಲ್ಲಿ ಮೆಣಸಿನ ಕಷಾಯ, ನೀಲಗಿರಿ ಎಣ್ಣೆ, ಕಂಬಳಿ. ಗಾಳಿ ಬಡಿಯಬಾರದೆಂದು ಕಿಟಕಿಗೆ ಗೋಣಿಚೀಲ. ಪ್ರತಿಮಾಳಿಗೆ ಮಲಗಿದರೆ ಉಸಿರು ಕಟ್ಟುತ್ತಿತ್ತು. ಗೋಡೆಗೆ ಒರಗಿ ಕೂತೇ ಇದ್ದಳು. ಮಾತಿನ ನಡುವೆ ನಿಲ್ಲಿಸಿ ಉಸಿರೆಳೆದುಕೊಳ್ಳುವಳು. ತುಟಿಯ ಬಣ್ಣ ತಿರುಗಿದ್ದನ್ನು ಮೊದಲು ನೋಡಿದವಳು ಶಿವಲಿಂಗಮ್ಮ. "ನ್ಯಾರಳೆ ಅಣ್ಣು ತಿಂದಂಗಾಗೈತಲ್ಲೇ ತುಟಿ!" ಎಂದು ಕಿರುಚಿಕೊಂಡಳು.

ಆಟೊ ಮಾಡಿಕೊಂಡು ಹತ್ತಿರದ ಇನ್ನೊಂದು ಆಸ್ಪತ್ರೆಗೆ ಓಡಿದರು. ಅದರ ಹೆಸರು ನಾನು ಬರೆಯುವುದಿಲ್ಲ, ಬರೆದರೂ ಏನೂ ಆಗುವುದಿಲ್ಲ. ಬಾಗಿಲಲ್ಲಿದ್ದವನು 'ಜ್ವರ, ಕೆಮ್ಮು' ಎಂದು ಕೇಳಿದ ತಕ್ಷಣ ಎರಡು ಹೆಜ್ಜೆ ಹಿಂದೆ ಸರಿದ. ಒಳಗಿನಿಂದ ಬಂದ ಡಾಕ್ಟರು ಕರ್ಚೀಫಿನಿಂದ ಮೂಗು ಮುಚ್ಚಿಕೊಂಡು, ಆಟೊದ ಹತ್ತಿರಕ್ಕೂ ಬಾರದೆ, "ಇಂಥ ಕೇಸು ಇಲ್ಲಿ ತಗೊಳ್ಳಲ್ಲ. ಇಲ್ಲಿ ಬೇರೆ ಬಾಣಂತಿಯರಿದ್ದಾರೆ. ಬೆಂಗಳೂರಿಗೆ ಕರ್ಕೊಂಡೋಗಿ" ಎಂದರು.

"ಒಸಿ ಆಕ್ಸಿಜನ್ನಾದ್ರೂ ಆಕಿ ಬುದ್ಧಿ, ದಾರಿಗಾದ್ರೂ ಆಯ್ತದೆ" ಎಂದು ಬೋರಲಿಂಗಯ್ಯ ಕೈ ಮುಗಿದ.

"ಹೇಳಿದ್ನಲ್ಲ, ಹೊರಡಿ."

ಆ ಆಸ್ಪತ್ರೆಯ ಆಂಬುಲೆನ್ಸಿಗೆ ಡ್ರೈವರ್ ಇರಲಿಲ್ಲ. ಗೊತ್ತಿದ್ದವರ ಮಾರುತಿ ವ್ಯಾನಿನಲ್ಲಿ ಬೆಂಗಳೂರಿಗೆ ಹೊರಟರು. ಹೆದ್ದಾರಿಯಲ್ಲಿ ಕಾರ್ಖಾನೆಗಳ ಶಿಫ್ಟು ಬಿಡುವ ಹೊತ್ತು. ಬಿಡದಿಯಲ್ಲಿ ಬಸ್ಸುಗಳ ಹಿಂದೆ ಬಸ್ಸು ನಿಂತಿದ್ದವು. ತಾವು ದಿನವೂ ಕೂತು ಬರುತ್ತಿದ್ದಂಥದೇ ಮಿನಿ ಬಸ್ಸುಗಳು ಅಕ್ಕನ ದಾರಿಗೆ ಅಡ್ಡ ನಿಂತಿದ್ದನ್ನು ಭಾನುಪ್ರಿಯ ವ್ಯಾನಿನ ಕಿಟಕಿಯಿಂದ ನೋಡುತ್ತಾ, ಅವಳ ಬೆನ್ನು ನೀವುತ್ತಾ ಕೂತಿದ್ದಳು.

ಬೆಂಗಳೂರಿನ ದೊಡ್ಡಾಸ್ಪತ್ರೆಯಲ್ಲಿ ಕೂಡಲೇ ಒಳಗೆ ಎತ್ತಿಕೊಂಡರು. ತಾಯಿಗೆ ಉಸಿರು ಸಾಲದೆ ಮಗುವಿಗೂ ಸಾಲುತ್ತಿಲ್ಲವೆಂದು ಆಪರೇಷನ್ ಮಾಡಿ ಮಗುವನ್ನು ತೆಗೆದರು. ಹೆಣ್ಣು. ಅಂಗೈಯಗಲದ ಮುಖ, ಆದರೆ ಅತ್ತಿತು. ಪ್ರತಿಮಾ ಮಗುವನ್ನು ನೋಡಲೇ ಇಲ್ಲ. ಗಂಟಲಿಗೆ ಕೊಳವೆ ಹಾಕಿ ಮೆಷಿನ್ನಿನಿಂದ ಉಸಿರಾಡಿಸುತ್ತಿದ್ದರು. ಕೆಲವು ದಿನ ಹಾಗೇ ಇದ್ದು, ಒಂದು ಮಧ್ಯಾಹ್ನ ಹೋಗಿಬಿಟ್ಟಳು.

ಅಲ್ಲಿನ ವಾರ್ಡಿನಲ್ಲಿ ಒಬ್ಬ ಲೇಡಿ ಡಾಕ್ಟರಿದ್ದರು. ನಿದ್ದೆಯಿಲ್ಲದೆ ಕಣ್ಣು ಊದಿಕೊಂಡಿದ್ದ ಹೆಂಗಸು. ಭಾನುಪ್ರಿಯಳನ್ನು ಬೆಂಚಿನ ಮೇಲೆ ಕೂರಿಸಿ, ಅವರೂ ಪಕ್ಕದಲ್ಲಿ ಕೂತು ಹೇಳಿದರು. ಬಸುರಿಯ ಹೊಟ್ಟೆ ಬೆಳೆದಂತೆ ಎದೆಗೂಡಿನಲ್ಲಿ ಶ್ವಾಸಕೋಶಕ್ಕೆ ಜಾಗ ಕಡಿಮೆಯಾಗುತ್ತದೆ. ಹೃದಯಕ್ಕೆ ದುಡಿಮೆ ಹೆಚ್ಚು. ರೋಗ ತಡೆಯುವ ಶಕ್ತಿಯೂ ಆ ತಿಂಗಳುಗಳಲ್ಲಿ ಬೇರೆ ತರಹ ಇರುತ್ತದೆ. ಅದಕ್ಕೇ ಈ ಜ್ವರ ಅವರಿಗೆ ಅಷ್ಟು ಕೆಟ್ಟದ್ದು. ಹೆರಿಗೆಯಾದ ಕೂಡಲೇ ಅಪಾಯ ಮುಗಿಯುವುದಿಲ್ಲ, ಬಾಣಂತಿಗೂ ಮೊದಲೆರಡು ವಾರ ಅದೇ ಭಯ.

"ಇದಕ್ಕೆ ಮಾತ್ರೆ ಇಲ್ವಾ ಮೇಡಂ?"

"ಇದೆ. ಸರ್ಕಾರದಿಂದಲೇ ಕೊಡ್ತಿದ್ದಾರೆ."

"ಬಸ್ರಿಯರ್‌ಗೆ ಕೊಡ್ಬಾರ್ದಂತಲ್ಲ?"

"ಯಾರಮ್ಮ ಹಾಗೆ ಹೇಳಿದ್ದು? ಬಸುರಿಯರಿಗೇ ಮೊದಲು ಕೊಡಬೇಕು. ಟೆಸ್ಟಿನ ರಿಪೋರ್ಟ್‌ಗೂ ಕಾಯಬಾರದು. ಜ್ವರ ಬಂದ ಎರಡು ದಿನದೊಳಗೆ ಶುರುವಾಗಿದ್ದಿದ್ರೆ..." ಅವರು ಅವಳ ಭುಜ ಮುಟ್ಟಿ ಎದ್ದು ಹೋದರು.

ಆ ಬೆಂಚಿನಿಂದ ಎದ್ದವಳು ಹಳೆಯ ಭಾನುಪ್ರಿಯ ಅಲ್ಲ ಎಂದು ಶಿವಲಿಂಗಮ್ಮ ಈಗಲೂ ಹೇಳುತ್ತಾಳೆ. "ನಂಗೆ ಅಳು ಬತ್ತು. ಅವ್ಳಿಗೆ ಅಳು ಬರ್ನಿಲ್ಲ ಕಣಪ್ಪ. ಅಲ್ಲು ಕಚ್ಕೊಂಡು ಕೂತುಬುಟ್ಲು."

ಹೆಣವನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಕೊಟ್ಟರು, ಬಿಚ್ಚಬೇಡಿ ಎಂದರು. ಊರಿನಲ್ಲಿ ಹೆಗಲು ಕೊಡಲು ಜನ ಬರಲಿಲ್ಲ. ಅಪ್ಪ, ಗಂಡ, ಇಬ್ಬರು ದಾಯಾದಿಗಳು, ಅಷ್ಟೇ. ಮದುವೆಗೆ ಬಂದು ಎರಡೆರಡು ಸಲ ಪಾಯಸ ಹಾಕಿಸಿಕೊಂಡಿದ್ದವರು ಬಾಗಿಲ ಚಿಲಕ ಹಾಕಿಕೊಂಡು ಕಿಟಕಿಯ ಸಂದಿಯಿಂದ ನೋಡಿದರು. ಟೀವಿಯವರು ಮಾತ್ರ ಬಂದರು. ಮೈಕು ಹಿಡಿದ ಒಬ್ಬ ಬೋರಲಿಂಗಯ್ಯನನ್ನು ಕೇಳಿದ: "ನಿಮ್ಮನೇಲಿ ಹಂದಿ ಸಾಕಿದ್ರಾ?"

ಆಗಲೇ ಭಾನುಪ್ರಿಯ ಮೊದಲ ಸಲ ಕೂಗಿದ್ದು. ಆಸ್ಪತ್ರೆಯಿಂದ ತಂದಿದ್ದ ಎಳೆಗೂಸನ್ನು ಶಿವಲಿಂಗಮ್ಮನ ಕೈಗೆ ಕೊಟ್ಟು, ಹಟ್ಟಿ ಬಾಗಿಲಿಗೆ ಬಂದು, "ಓಗ್ರಿ ಆಚೆಗೆ! ಹಂದಿ ಕೇಳ್ತೀರಲ್ಲ, ಮಾತ್ರೆ ಎಲ್ಲಿತ್ತು ಅಂತ ಯಾರನ್ನಾದ್ರೂ ಕೇಳಿದ್ರಾ?" ಎಂದಳು. ಬೀದಿಯ ಕಿಟಕಿಗಳೆಲ್ಲ ಬೆಚ್ಚಿದವು. ಅದನ್ನು ಟೀವಿಯಲ್ಲಿ ಹಾಕಲಿಲ್ಲ.

ತಿಥಿ ಮುಗಿದ ವಾರ ಅವಳು ಒಬ್ಬಳೇ ಆ ಹೆದ್ದಾರಿ ಪಕ್ಕದ ಕ್ಲಿನಿಕ್ಕಿಗೆ ಹೋದಳು. ಜನ ತುಂಬಿತ್ತು. ಸರದಿ ಕಾಯಲಿಲ್ಲ, ನೇರ ಒಳಗೆ ನುಗ್ಗಿದಳು.

"ಗುರ್ತು ಸಿಕ್ತಾ ಸಾರ್? ಹೊಂಗನೂರು. ನಮ್ಮಕ್ಕನ ಕರ್ಕೊಬಂದಿದ್ದೆ. ವಿಮಾನದಾಗೆ ಓಡಾಡೋರ್‌ಗೆ ಬರೋ ಜ್ವರ ನಮ್ಮಕ್ಕಂಗೆ ಎಂಗ್ ಬಂತು ಸಾರ್? ಅವ್ಳು ಮಿನಿ ಬಸ್ಸಲ್ಲಿ ಓಡಾಡ್ತಿದ್ಲು."

ಡಾಕ್ಟರು ಪೆನ್ನು ಕೆಳಗಿಟ್ಟರು. "ನೋಡಮ್ಮ, ದಿನಕ್ಕೆ ಇಷ್ಟು ಜನ ಬರ್ತಾರೆ, ಎಲ್ಲ ನೆನಪಿರಲ್ಲ. ಹೆಚ್ಚಾದ್ರೆ ವಾಪಸ್ ಬನ್ನಿ ಅಂತ ಹೇಳಿರ್ತೀನಿ."

"ಏಳಿಲ್ಲ. ಮಲಗಲಿ ಅಂದ್ರಿ. ಮಲಗಕ್ಕೆ ಅವ್ಳಿಗೆ ಉಸ್ರೇ ಇರ್ಲಿಲ್ಲ. ಕೈಲಿ ಮುಟ್ಟಿದ್ರಾ ಅವ್ಳನ್ನ? ಎದೆಗೆ ಅದನ್ನ ಇಟ್ಟು ಕೇಳಿದ್ರಾ? ಕತ್ತಿಗೆ ನೇತಾಕ್ಕೊಂಡಿದ್ರಲ್ಲ, ಅದು ಸರವಾ?"

"ಪೊಲೀಸಿಗೆ ಫೋನ್ ಮಾಡ್ತೀನಿ."

"ಮಾಡಿ. ಅವ್ರ್‌ಗೂ ಏಳ್ತೀನಿ."

ಕಾಂಪೌಂಡರ್ ಬಂದು ತೋಳು ಹಿಡಿದೆಳೆದ. ಹೊರಗೆ ಕೂತಿದ್ದವರನ್ನು ಅವಳು ನೋಡಿದಳು. ಅವರೊಳಗೆ ಇಬ್ಬರು ಬಸುರಿಯರಿದ್ದರು. ಎಲ್ಲರೂ ನೆಲ ನೋಡುತ್ತಿದ್ದರು. ಅವಳು ಆ ಇಬ್ಬರಿಗೇ ಹೇಳಿದಳು: "ಜ್ವರ ಬಂದ್ರೆ ಇಲ್ಲಿಗ್ ಬರಬ್ಯಾಡಿ ಕಣ್ರವ್ವ. ರಾಮನಗರಕ್ಕೋಗಿ, ಬೆಂಗಳೂರಿಗೋಗಿ, ಸರ್ಕಾರಿ ಮಾತ್ರೆ ಇಸ್ಕೊಳಿ. ಮಗೀಗೇನಾಯ್ತದೋ ಅಂತ ಎದುರ್ಕೊಬ್ಯಾಡಿ. ಅವ್ವ ಸತ್ರೆ ಮಗೀಗೆ ಯಾರವ್ರೆ?"

ಒಬ್ಬಳು ಮೆಲ್ಲಗೆ ಎದ್ದು ಹೊರಗೆ ಹೋದಳು. ಅವಳು ಎಲ್ಲಿಗೆ ಹೋದಳೋ ಗೊತ್ತಿಲ್ಲ.

ಮನೆಯಲ್ಲಿ ಬೋರಲಿಂಗಯ್ಯ ಮಗಳನ್ನು ಸಮಾಧಾನ ಮಾಡಲು ನೋಡಿದ. "ಬುಡವ್ವ, ಅವ್ಳ ಅಣೇಲಿ ಅಷ್ಟೇ ಬರ್ದಿತ್ತು."

"ಅಣೇಲಿ ಬರ್ದಿದ್ದಲ್ಲ ಕಣಪ್ಪ. ಹುಳದ ಮನೇಲಿ ಒಂದು ಹುಳ ಸಪ್ಪಗಾದ್ರೆ ಅವ್ವ ರಾತ್ರಿ ಹಗ್ಲು ನಿದ್ದೆ ಮಾಡಲ್ಲ. ಅಲ್ಲಿ ನೂರಾರು ಜನ ಹೆಂಗಸ್ರು ಕೆಮ್ತಾ ಕೂತಿದ್ರು, ಒಬ್ರಾದ್ರೂ ತಿರುಗ್ ನೋಡಿದ್ರಾ? ನಾವು ಹುಳಕ್ಕಿಂತ ಕಡೇನಾ?"

ಬೋರಲಿಂಗಯ್ಯ ಎದ್ದು ಹುಳಕ್ಕೆ ಸೊಪ್ಪು ಹಾಕಲು ಹೋದ.

ಬಾಲರಾಜು ಮಗುವನ್ನು ಅತ್ತೆಯ ಮಡಿಲಲ್ಲೇ ಬಿಟ್ಟ. ಭಾನುವಾರ ಬಂದು ನೋಡಿಕೊಂಡು ಹೋಗುವನು. ಮಗುವಿನ ಹಾಲಿಗೆ, ಮನೆಯ ಖರ್ಚಿಗೆ ದುಡ್ಡು ಬೇಕಿತ್ತು. ಭಾನುಪ್ರಿಯ ಮತ್ತೆ ಅದೇ ಮಿನಿ ಬಸ್ಸು ಹತ್ತಿದಳು, ಅದೇ ಸಾಲಿನಲ್ಲಿ ಕೂತಳು. ಮುಂದಿನ ಮೆಷಿನ್ನಿನಲ್ಲಿ ಈಗ ಬೇರೆ ಬೆನ್ನು ಕಾಣುತ್ತಿತ್ತು. ಚನ್ನಪಟ್ಟಣದ ತಾಹೇರಾ. ಅವಳ ಗಂಡ ಹುಸೇನ್ ಗೊಂಬೆ ಮಾಡುವ ಕಾರ್ಖಾನೆಯಲ್ಲಿ ಮರಕ್ಕೆ ಅರಗು ಹಚ್ಚುವವನು. ತಾಹೇರಾ ನಗುವ ಹುಡುಗಿ. ಭಾನುಪ್ರಿಯ ಮೊದಮೊದಲು ಅವಳ ಜೊತೆ ಮಾತೇ ಆಡಲಿಲ್ಲ, ಆ ಜಾಗದಲ್ಲಿ ಕೂತಿದ್ದಕ್ಕೇ ಸಿಟ್ಟು. ತಾಹೇರಾ ಅದನ್ನು ಲೆಕ್ಕಕ್ಕೇ ಇಟ್ಟುಕೊಳ್ಳದೆ ದಿನವೂ ಊಟದ ಡಬ್ಬಿ ತೆಗೆದು ಮುಂದೆ ಹಿಡಿಯುವಳು. ಹಾಗೆ ಹತ್ತಿರವಾದರು.

ಮರುವರ್ಷದ ಮಳೆಗಾಲಕ್ಕೆ ಜ್ವರ ಮತ್ತೆ ಬಂತು. ಟೀವಿಗೆ ಆಗಲೇ ಅದು ಹಳೇ ಸುದ್ದಿಯಾಗಿತ್ತು. ತಾಹೇರಾಗೆ ಏಳನೇ ತಿಂಗಳು. ಒಂದು ದಿನ ಬೆಳಿಗ್ಗೆ ಬಸ್ಸು ಹತ್ತುವಾಗಲೇ ಅವಳ ಕಣ್ಣು ಕೆಂಪಗಿತ್ತು. ಕೆಲಸ ಶುರುವಾಗಿ ಸ್ವಲ್ಪ ಹೊತ್ತಿಗೆ ಕೆಮ್ಮಿ ಕೆಮ್ಮಿ ಮೆಷಿನ್ನಿನ ಮೇಲೆ ತಲೆಯಿಟ್ಟಳು. ಭಾನುಪ್ರಿಯ ಎದ್ದು ಹೋಗಿ ಹಣೆ ಮುಟ್ಟಿದಳು. ಕಾದ ಇಸ್ತ್ರಿಪೆಟ್ಟಿಗೆಯಂತಿತ್ತು.

"ಏಳು, ಓಗವ."

"ಗೇಟ್ ಪಾಸ್ ಕೇಳ್ದೆ ಅಕ್ಕಾ, ಊಟ ಆದ್ಮೇಲೆ ನೋಡಣ ಅಂದ್ರು."

ಅದೇ ಸೂಪರ್‌ವೈಸರ್. ಅದೇ ಮಾತು.

ಭಾನುಪ್ರಿಯ ತನ್ನ ಮೆಷಿನ್ನಿನ ಸ್ವಿಚ್ ಆಫ್ ಮಾಡಿದಳು. ತಾಹೇರಾಳದನ್ನೂ ಮಾಡಿದಳು. ಕಾಲರ್ ಇಲ್ಲದ, ಕಫ್ ಇಲ್ಲದ ಶರ್ಟುಗಳು ಮೇಜಿನ ಮೇಲೆ ರಾಶಿ ಬಿದ್ದವು. ಮುಂದಿನವರ ಕೈಗೆ ಕೆಲಸ ಬರದೆ ಸಾಲು ನಿಂತಿತು. ಸೂಪರ್‌ವೈಸರ್ ಓಡಿ ಬಂದ.

"ಯಾರಮ್ಮ ಮೆಷಿನ್ ನಿಲ್ಲಿಸಿದ್ದು?"

"ನಾನು."

"ತಲೆ ಕೆಟ್ಟಿದ್ಯಾ? ಪ್ರೊಡಕ್ಷನ್ ಯಾರ್ ಕೊಡ್ತಾರೆ?"

"ಓದ್ ವರ್ಸ ಈ ಸೀಟ್‌ನಾಗೆ ಕೂತಿದ್ದೋಳು ಸಂಜೆಗಂಟ ಪ್ರೊಡಕ್ಷನ್ ಕೊಟ್ಲು. ಅವ್ಳ ಹೆಸ್ರು ಏಳ್ರಿ ನೋಡಣ."

ಆತ ಬಾಯಿ ತೆರೆದ. ಹೆಸರು ಬರಲಿಲ್ಲ. ನಿಜವಾಗಿಯೂ ಅವನಿಗೆ ಹೆಸರು ನೆನಪಿರಲಿಲ್ಲ.

"ಪ್ರತಿಮಾ!" ಎಂದು ಭಾನುಪ್ರಿಯ ಶೆಡ್ಡಿನ ಆ ತುದಿಗೆ ಕೇಳುವಂತೆ ಕೂಗಿದಳು. "ಪ್ರತಿಮಾ ಅಂತ ಕಣ್ರೀ ಅವ್ಳ ಹೆಸ್ರು! ನನ್ ಒಡಹುಟ್ಟಿದೋಳು. ನಿಮ್ಮತ್ರ ಗೇಟ್ ಪಾಸ್ ಕೇಳಿದ್ಲು. ಕೊಡ್ನಿಲ್ಲ. ಇವತ್ತು ಇವ್ಳಿಗೆ ಕೊಡ್ದೆ ನಾನು ಈ ಸ್ವಿಚ್ ಮುಟ್ಟಲ್ಲ, ಯಾರ್‌ಗೂ ಮುಟ್ಟಕ್ಕೂ ಬುಡಲ್ಲ."

ಗುಂಡಿ ಹೊಲಿಯುವ ದೊಡ್ಡಲಕ್ಷ್ಮಮ್ಮ ಎದ್ದು ನಿಂತಳು. ವಯಸ್ಸಾದ ಹೆಂಗಸು, ಯಾವತ್ತೂ ಯಾರಿಗೂ ಎದುರಾಡಿದವಳಲ್ಲ. ತನ್ನ ಮೆಷಿನ್ನನ್ನೂ ಆಫ್ ಮಾಡಿದಳು. ಪಕ್ಕದ ಸಾಲಿನಲ್ಲಿ ಒಂದು ನಿಂತಿತು. ಆಮೇಲೆ ಇನ್ನೊಂದು. ಆ ಶೆಡ್ಡಿನಲ್ಲಿ ಹಗಲು ಹೊತ್ತು ಅಷ್ಟು ನಿಶ್ಶಬ್ದ ಎಂದೂ ಆಗಿರಲಿಲ್ಲವಂತೆ. ಆ ನಿಶ್ಶಬ್ದದಲ್ಲಿ ಎಷ್ಟು ಜನ ಕೆಮ್ಮುತ್ತಿದ್ದಾರೆ ಎಂಬುದು ಎಲ್ಲರಿಗೂ ಕೇಳಿಸಿತು.

ಮ್ಯಾನೇಜರ್ ಬಂದ. ಬೆದರಿಸಿ ನೋಡಿದ, ನಯವಾಗಿ ಹೇಳಿ ನೋಡಿದ. ಕೊನೆಗೆ ಗೇಟ್ ಪಾಸಿನ ಚೀಟಿ ಹರಿದು ಕೊಟ್ಟು, ಭಾನುಪ್ರಿಯಳ ಕಡೆ ಬೆರಳು ತೋರಿಸಿ, "ನೀನು ಹೋದ್ರೆ ಮತ್ತೆ ಒಳಗೆ ಬರಬೇಡ" ಎಂದ.

"ಬರಲ್ಲ" ಎಂದಳು. ತಾಹೇರಾಳ ಸೊಂಟ ಹಿಡಿದುಕೊಂಡು ಗೇಟು ದಾಟಿದಳು.

ಆಟೊದಲ್ಲಿ ರಾಮನಗರದ ಸರ್ಕಾರಿ ಆಸ್ಪತ್ರೆಗೆ ಹೋಗುವಷ್ಟೂ ದಾರಿ ಅವಳು ಜಗಳಕ್ಕೆ ತಯಾರಾಗುತ್ತಿದ್ದಳು. ಬಾಗಿಲಲ್ಲೇ ತಡೆದರೆ ಏನು ಹೇಳಬೇಕು, ಬೆಂಗಳೂರಿಗೆ ಹೋಗು ಎಂದರೆ ಏನು ಹೇಳಬೇಕು, ಬಸುರಿಗೆ ಮಾತ್ರೆ ಇಲ್ಲ ಎಂದರೆ ಯಾರ ಕಾಲರ್ ಹಿಡಿಯಬೇಕು, ಎಲ್ಲ ಮನಸ್ಸಿನಲ್ಲಿ ಜೋಡಿಸಿಕೊಂಡಳು. ತಾಹೇರಾ ಅವಳ ಭುಜಕ್ಕೆ ಒರಗಿ, "ಯಾಕಕ್ಕಾ ನಡುಗ್ತೀಯ? ಜ್ವರ ನಂಗಲ್ವಾ ಬಂದಿರೋದು?" ಎಂದು ನಗಲು ನೋಡಿ ಕೆಮ್ಮಿದಳು.

ಆಸ್ಪತ್ರೆಯ ಬಾಗಿಲಲ್ಲಿ ಒಬ್ಬ ನರ್ಸ್ ನಿಂತಿದ್ದಳು. ಸುಚಿತ್ರಾ ಎಂದು ಆಮೇಲೆ ಗೊತ್ತಾಯಿತು. ತಾಹೇರಾಳ ಹೊಟ್ಟೆ ನೋಡಿ, ಕೆಮ್ಮು ಕೇಳಿ, ಹಿಂದೆ ಸರಿಯಲಿಲ್ಲ. ತಾನು ಮಾಸ್ಕು ಸರಿಮಾಡಿಕೊಂಡು ಅವಳಿಗೂ ಒಂದು ಕೊಟ್ಟಳು. "ಎಷ್ಟು ತಿಂಗಳಮ್ಮ? ಜ್ವರ ಯಾವಾಗಿಂದ? ಮಗು ಒದೀತಿದ್ಯಾ?" ಎಂದು ಕೇಳುತ್ತಲೇ ಬೆರಳಿಗೆ ಆಕ್ಸಿಜನ್ ನೋಡುವ ಕ್ಲಿಪ್ಪು ಹಾಕಿದಳು. ಡಾಕ್ಟರು ಬಂದು ಎದೆಗೆ ಸ್ಟೆತಸ್ಕೋಪ್ ಇಟ್ಟು ಕೇಳಿದರು. "ಬಸುರಿ. ಇವತ್ತೇ ಟ್ಯಾಮಿಫ್ಲೂ ಮಾತ್ರೆ ಶುರು ಮಾಡಿ, ಜ್ವರಕ್ಕೆ ಪ್ಯಾರಾಸಿಟಮಾಲ್ ಕೊಡಿ. ಗಂಟಲಿನ ಸ್ವಾಬ್ ಟೆಸ್ಟಿಗೆ ಕಳಿಸಿ, ರಿಪೋರ್ಟ್ ಆಮೇಲೆ ಬರಲಿ. ಅಡ್ಮಿಟ್ ಮಾಡ್ಕೊಳ್ಳಿ, ಆಕ್ಸಿಜನ್ ನೋಡ್ತಾ ಇರಿ" ಎಂದರು. ಸುಚಿತ್ರಾ ಕಪಾಟು ತೆಗೆದು, ಮಾತ್ರೆ ತಂದು, ತಾಹೇರಾಳ ಅಂಗೈಯಲ್ಲಿಟ್ಟು, ನೀರು ಕೊಟ್ಟಳು. ಅವಳು ನುಂಗಿದಳು.

ಅಷ್ಟೇ. ಯಾರೂ ತಡೆಯಲಿಲ್ಲ, ಯಾರೂ ಬೈಯಲಿಲ್ಲ, ಜಗಳವೇ ಆಗಲಿಲ್ಲ.

ಭಾನುಪ್ರಿಯ ಗೋಡೆಗೆ ಒರಗಿ ಹಾಗೇ ಕುಸಿದು ಕೂತಳು. ಸುಚಿತ್ರಾ ಹತ್ತಿರ ಬಂದು, "ನಿಮಗೂ ಜ್ವರಾನಾ?" ಎಂದು ಕೇಳಿದಳು.

"ಇಷ್ಟೇನಾ ಮೇಡಂ?"

"ಏನು ಇಷ್ಟೇನಾ?"

"ಒಂದ್ ಕಪಾಟು ತೆಗ್ಯದು, ಒಂದ್ ಮಾತ್ರೆ ಕೊಡದು. ಇಷ್ಟೇ ಇತ್ತಾ?" ಅವಳ ದನಿ ಏರಿತು. "ಇಷ್ಟಕ್ಕೆ ನಮ್ಮಕ್ಕ ಸತ್ಲಾ? ಇದುಕ್ಕೆ ನಮ್ಮಪ್ಪ ಕಾಲ್ ಕಾಲ್ ಇಡ್ಕೊಂಡ್ನಾ?" ಆಮೇಲೆ ಅತ್ತಳು. ಹಿಂದಿನ ವರ್ಷ ಅಳದೆ ಉಳಿಸಿಕೊಂಡಿದ್ದನ್ನೆಲ್ಲ, ವಾರ್ಡಿನವರೆಲ್ಲ ಎದ್ದು ನೋಡುವಂತೆ, ನೆಲಕ್ಕೆ ಕೈ ಬಡಿಯುತ್ತಾ ಅತ್ತಳು. ಕಷ್ಟದ ಕೆಲಸ ಆಗದೆ ಅಕ್ಕ ಸತ್ತಿದ್ದರೆ ಅವಳು ಸಹಿಸಿಕೊಳ್ಳುತ್ತಿದ್ದಳೋ ಏನೋ. ಸುಲಭದ ಕೆಲಸ ಯಾರೂ ಮಾಡಲಿಲ್ಲ ಎನ್ನುವುದನ್ನು ಸಹಿಸುವುದು ಹೇಗೆ?

ತಾಹೇರಾಗೆ ಒಂದೆರಡು ದಿನ ಆಕ್ಸಿಜನ್ ಬೇಕಾಯಿತು. ಆಮೇಲೆ ಜ್ವರ ಇಳಿಯಿತು, ಉಸಿರು ಹಗುರವಾಯಿತು. ದಿನ ತುಂಬಿ ಗಂಡುಮಗು ಹೆತ್ತಳು. ಬಾಣಂತನಕ್ಕೆ ನೆಂಟರು ಬಂದಾಗ, ಕೆಮ್ಮಿಕೊಂಡು ಬಂದ ಹುಸೇನನ ದೊಡ್ಡಮ್ಮನನ್ನು ಭಾನುಪ್ರಿಯ ಬಾಗಿಲಲ್ಲೇ ನಿಲ್ಲಿಸಿದಳು. "ಕೆಮ್ಮು ವಾಸಿಯಾದ್ಮೇಲೆ ಬನ್ನಿ ಅಜ್ಜಿ." ಮುದುಕಿಗೆ ಕೋಪ ಬಂತು. "ನೀನ್ಯಾರು ನಮ್ಮನೆ ಬಾಗಿಲಲ್ಲಿ ನಿಲ್ಲೋಕೆ?" ಎಂದು ಗದರಿದಳು. ಹುಸೇನ್ ಒಳಗಿನಿಂದಲೇ, "ಅವ್ರು ಹೇಳ್ದಂಗೆ ಕೇಳಿ ದೊಡ್ಡಮ್ಮ" ಎಂದ.

ಕಾರ್ಖಾನೆಯವರು ತಾಹೇರಾಳನ್ನು ವಾಪಸ್ ಕರೆದರು, ಭಾನುಪ್ರಿಯಳನ್ನು ಕರೆಯಲಿಲ್ಲ. ತಾಹೇರಾ ತಾನೂ ಹೋಗುವುದಿಲ್ಲ ಎಂದಳು. "ನೀನು ಹೋಗು, ನಿನಗೆ ಮಗು ಐತೆ" ಎಂದು ಭಾನುಪ್ರಿಯಳೇ ಬೈದು ಕಳಿಸಿದಳು. ಆ ಶೆಡ್ಡಿನಲ್ಲಿ ಈಗ ಬಸುರಿ ಹೆಂಗಸು ಜ್ವರ ಎಂದರೆ ಸೂಪರ್‌ವೈಸರ್ ಮಾತಾಡದೆ ಗೇಟ್ ಪಾಸ್ ಕೊಡುತ್ತಾನಂತೆ. ಕನಿಕರದಿಂದಲ್ಲ, ಮೆಷಿನ್ನು ನಿಂತೀತು ಎನ್ನುವ ಭಯದಿಂದ. ಭಯದಿಂದಲಾದರೂ ಕೊಡಲಿ ಎನ್ನುತ್ತಾಳೆ ಭಾನುಪ್ರಿಯ. ಅವಳಿಗೆ ಅವರ ಕನಿಕರ ಬೇಕಿಲ್ಲ.

ಈಗ ಅವಳು ಚನ್ನಪಟ್ಟಣದಲ್ಲಿ ರೇಷ್ಮೆ ಗೂಡಿನಿಂದ ನೂಲು ಬಿಚ್ಚುವ ಒಂದು ಘಟಕದಲ್ಲಿ ಕೆಲಸ ಮಾಡುತ್ತಾಳೆ. ಅಕ್ಕನ ಮಗಳು ನಡೆಯಲು ಕಲಿತು ಮನೆ ತುಂಬ ಬಿದ್ದೆದ್ದು ಓಡಾಡುತ್ತಾಳೆ, ಚಿಕ್ಕಮ್ಮನನ್ನೇ 'ಅವ್ವ' ಎನ್ನುತ್ತಾಳೆ. ಭಾನುಪ್ರಿಯಳನ್ನು ಹೆಣ್ಣು ನೋಡಲು ಬಂದವರು ಅವಳ ಬಾಯಿಯ ಸುದ್ದಿ ಕೇಳಿ ಹಿಂದೆ ಸರಿದರು. ಒಬ್ಬ ಮಾತ್ರ ಸರಿಯಲಿಲ್ಲ, ಕೋಡಿಹಳ್ಳಿಯ ಲೋಕೇಶ್. ಮಾತುಕತೆ ನಡೆಯುತ್ತಿದೆ. ಮಗು ತನ್ನ ಜೊತೆಗೇ ಬರಬೇಕು ಎಂದು ಅವಳು ಹೇಳಿದ್ದಾಳೆ.

ಮೊನ್ನೆ ನಮ್ಮ ಬೀದಿಯ ಕೊನೆಯ ಮನೆಯಲ್ಲಿ ಹಸಿ ಬಾಣಂತಿಗೆ ಜ್ವರ, ಕೆಮ್ಮು. ಅತ್ತೆ ಕಷಾಯ ಕಾಯಿಸುತ್ತಾ ಕೂತಿದ್ದಳು. ಸುದ್ದಿ ಸಿಕ್ಕಿದ್ದೇ ಭಾನುಪ್ರಿಯ ಹೋದಳು.

"ಕಷಾಯ ಆಮೇಲೆ ಕುಡಿಸೀರಂತೆ ಅತ್ತೆ, ಮೊದ್ಲು ಆಸ್ಪತ್ರೆ."

"ಬಾಣಂತಿನ ಬಿಸ್ಲು ಗಾಳೀಗೆ ಕರ್ಕೊಂಡೋಗಕಾಯ್ತದಾ? ಹನ್ನೊಂದ್ ದಿನ ಆಗ್ಲಿ, ನೀರಾಕಿದ್ಮೇಲೆ ನೋಡಣ."

"ನೀರಾಕೋಕೆ ಜೀವ ಇರ್ಬೇಕಲ್ಲ!"

ಅತ್ತೆ ಬಾಯಿಗೆ ಬಂದಂತೆ ಬೈದಳು. ಅನಿಷ್ಟ ಎಂದಳು, ಅಕ್ಕನನ್ನು ತಿಂದುಕೊಂಡವಳು ಎಂದಳು. ಭಾನುಪ್ರಿಯ ಎಲ್ಲ ಕೇಳಿಸಿಕೊಂಡು, ಮಗುವನ್ನು ಬಟ್ಟೆಯಲ್ಲಿ ಸುತ್ತಿ ಎತ್ತಿಕೊಂಡಳು. "ಬೈಕೊಳಿ. ಆಟೊದಾಗೂ ಬೈಕೊಂಡೇ ಬನ್ನಿ. ಆದ್ರೆ ಬನ್ನಿ" ಎಂದು ಬಾಣಂತಿಯ ಕೈ ಹಿಡಿದು ಎಬ್ಬಿಸಿದಳು. ಅತ್ತೆ ಬೈಯುತ್ತಲೇ ಸೆರಗು ಹೊದ್ದು ಆಟೊ ಹತ್ತಿದಳು.